ಹುಣಸೆ ಬೀಜದ ಸರಿ: ಕಂಬಳಿ ಮಗ್ಗದ ಪಾಲಿಮರ್

ಗದ್ವಾಲ, ನಾರಾಯಣಪೇಟೆ ಅಂದಕೂಡಲೇ ನಮಗೆ ಸೀರೆ ನೆನಪಾಗುತ್ತೆ. ಅದೇ ಸೀಮೆಯ ಕುರುಬರು ನೇಯುವ ಕಂಬಳಿ ಸೆಮಿನಾರುಗಳಿಗೆ ಬರುವುದು ಕಡಿಮೆ. ಗದ್ವಾಲ, ಆಲಂಪುರ 1956ರವರೆಗೆ ರಾಯಚೂರು ಜಿಲ್ಲೆಯಲ್ಲೇ ಇದ್ದವು. ಕನ್ನಡದ ಕಂಬಳಿಯೇ ತೆಲುಗಿನ ಗೊಂಗಡಿ. ನನ್ನ ಮಾತು ಆ ಕಂಬಳಿಯ ಹಾಸಿಗೆ ಹಚ್ಚುವ ಸರಿಯ ಬಗ್ಗೆ.

ಕೈಯಲ್ಲಿ ನೂತ ದಖ್ಖನಿ ಉಣ್ಣೆ ಒರಟು, ನೂಲಿನ ಮೈತುಂಬ ರೋಮ. ಹಾಗೇ ಮಗ್ಗಕ್ಕೆ ಏರಿಸಿದರೆ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಹರಿಯುತ್ತವೆ. ಅದಕ್ಕೇ ಹಾಸನ್ನು ಬಿಗಿಯಾಗಿ ಎಳೆದು ಕಟ್ಟಿ, ಹುಣಸೆ ಬೀಜದ ಸರಿಯನ್ನು ಕುಂಚದಿಂದ ಹಚ್ಚಿ ಬಿಸಿಲಿಗೆ ಒಣಗಿಸುತ್ತಾರೆ. ರೋಮ ಮಲಗುತ್ತೆ, ನೂಲು ಗಟ್ಟಿಯಾಗುತ್ತೆ.

ಬೀಜ ಹುರಿದು, ಸಿಪ್ಪೆ ಬಿಡಿಸಿ, ಒಳಗಿನ ಬಿಳಿ ಬೇಳೆಯನ್ನು ಪುಡಿ ಮಾಡಿ ಬೇಯಿಸಿದರೆ ಸರಿ ಸಿದ್ಧ. ಕೇಳಲು ಸುಲಭ. ಹುರಿತ ಹೆಚ್ಚಾದರೆ ಪಾಲಿಮರಿನ ಉದ್ದ ಸರಪಳಿಗಳು ತುಂಡಾಗಿ ಅಂಟು ತೆಳುವಾಗುತ್ತೆ. ಪುಡಿಯನ್ನು ನೇರ ಕುದಿನೀರಿಗೆ ಸುರಿದರೆ ಗಂಟು: ಹೊರಮೈ ತಕ್ಷಣ ಅಂಟಾಗಿ ಒಳಕ್ಕೆ ನೀರು ಇಳಿಯಲ್ಲ. ಮೊದಲು ತಣ್ಣೀರಲ್ಲಿ ಕದಡಿ, ಆಮೇಲೆ ಒಲೆಗೆ. ಅಂಬಲಿ ಕಾಸಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಬೇಳೆಯ ಮುಖ್ಯ ಭಾಗ ಕ್ಸೈಲೋಗ್ಲೂಕಾನ್. ಇದರ ಬೆನ್ನೆಲುಬು ಹತ್ತಿಯ ಸೆಲ್ಯುಲೋಸಿನಂತೆಯೇ ಗ್ಲೂಕೋಸ್ ಸರಪಳಿ. ಹಾಗಾದರೆ ಹತ್ತಿ ಯಾಕೆ ಕರಗಲ್ಲ, ಇದು ಯಾಕೆ ಕರಗುತ್ತೆ? ಇದರ ಸರಪಳಿಗೆ ಕ್ಸೈಲೋಸ್, ಗ್ಯಾಲಕ್ಟೋಸಿನ ಕೊಂಬೆಗಳಿವೆ. ಸರಪಳಿಗಳು ಒತ್ತಾಗಿ ಕೂರಲು ಅವು ಬಿಡುವುದಿಲ್ಲ. ಸಂದಿಯಲ್ಲಿ ನೀರು ನುಗ್ಗುತ್ತೆ. ಹೀಗಾಗಿ ಪಾಲಿಮರ್ 'ತಯಾರಿಸುವುದು' ಎಂಬ ಮಾತು ಇಲ್ಲಿ ನನಗೆ ಪೂರ್ತಿ ಒಪ್ಪಿಗೆಯಲ್ಲ. ಕಟ್ಟಿದ್ದು ಹುಣಸೆ ಮರ, ಬಿಡಿಸಿಕೊಳ್ಳುವವರು ನೇಕಾರರು.

1940ರ ದಶಕದಲ್ಲಿ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯವರು ಇದೇ ಪುಡಿಯನ್ನು ಗಿರಣಿ ನೂಲಿನ ಗಂಜಿಗೆ ಬಳಸಬಹುದೆಂದು ತೋರಿಸಿದರು. ದೊಡ್ಡ ಕೆಲಸವೇ. ಆದರೆ ಇದರ ಇತಿಹಾಸವನ್ನು ಪ್ರಯೋಗಾಲಯದಿಂದ ಶುರು ಮಾಡಿದರೆ ಕುರುಬರ ಒಲೆ ಹೊರಗುಳಿಯುತ್ತೆ. ನನ್ನ ತಕರಾರು ಅಲ್ಲಿದೆ.

ಗಿರಣಿಗಳು ಬಳಸುವ ಪಾಲಿವಿನೈಲ್ ಆಲ್ಕೋಹಾಲ್ ಕೂಡ ನೀರಿಗೆ ಕರಗುತ್ತೆ. ಕರಗುವುದು ಬೇರೆ, ಕೊಳೆಯುವುದು ಬೇರೆ: ತೊಳೆದ ನೀರಿನ ಜೊತೆ ಹರಿದುಹೋದರೂ ಅದು ಸುಲಭಕ್ಕೆ ಕೊಳೆಯಲ್ಲ. ಹುಣಸೆ ಸರಿ ಬೇಗ ಹಳಸುತ್ತೆ. ಹಾಗಾಗಿ ಹಾಸಿಗೆ ಬೇಕಾದಷ್ಟನ್ನೇ ಅಂದಂದು ಬೇಯಿಸಿಕೊಳ್ಳಬೇಕು.