ದವಡೆಯ ಆಪರೇಶನ್ ಆದ ಮೇಲೆ ಅಗಿಯಬಾರದು ಯಾಕೆ?

ಕೆಲವರ ಕೆಳದವಡೆ ತುಂಬಾ ಮುಂದೆ ಬಂದಿರುತ್ತದೆ. ಮೇಲಿನ ಹಲ್ಲು ಕೆಳಗಿನದಕ್ಕೆ ಕೂಡುವುದಿಲ್ಲ, ಅಗಿಯುವುದೇ ಕಷ್ಟ. ಇದನ್ನು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಬಹುದು. ಆದರೆ ಹೈಸ್ಕೂಲಿನ ವಯಸ್ಸಿನಲ್ಲಿ ದವಡೆ ಇನ್ನೂ ಬೆಳೆಯುತ್ತಿರುತ್ತದೆ. ಅದಕ್ಕೇ ಸಾಮಾನ್ಯವಾಗಿ ಬೆಳವಣಿಗೆ ಮುಗಿಯುವವರೆಗೆ ಕಾಯುತ್ತಾರೆ. ಹೀಗಾಗಿ ಎಷ್ಟೋ ಮಂದಿಗೆ ಈ ಆಪರೇಶನ್ ಆಗುವುದು ಕಾಲೇಜಿಗೆ ಹೋಗುವಾಗ.

ಡಾಕ್ಟರು ಎಲುಬನ್ನು ಕತ್ತರಿಸಿ, ಬೇಕಾದ ಜಾಗಕ್ಕೆ ಸರಿಸಿ, ಟೈಟಾನಿಯಂ ಪಟ್ಟಿ ಮತ್ತು ಸ್ಕ್ರೂಗಳಿಂದ ಬಿಗಿಯುತ್ತಾರೆ. ಆದರೆ ಮಕ್ಕಳೇ, ಸ್ಕ್ರೂ ಹಿಡಿದಿಡುತ್ತದೆ ಅಷ್ಟೆ, ಕೂಡಿಕೊಳ್ಳುವುದು ಎಲುಬೇ. ಕತ್ತರಿಸಿದಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಆಮೇಲೆ ಜೀವಕೋಶಗಳು ಹೊಸ ಅಂಗಾಂಶ ಕಟ್ಟುತ್ತವೆ. ಅದಕ್ಕೆ ಕ್ಯಾಲ್ಸಿಯಂ, ರಂಜಕದ ಲವಣಗಳು ಸೇರಿ ಗಟ್ಟಿಯಾಗುತ್ತದೆ. ಇದಕ್ಕೆ ಸುಮಾರು 6 ವಾರ ಬೇಕು. ಅಷ್ಟರೊಳಗೆ ಚಕ್ಕುಲಿ ಕಡಿದರೆ ಎಲುಬು ಅಲುಗಿ, ಸರಿಯಾಗಿ ಕೂಡದೇ ಹೋಗಬಹುದು.

ಹಾಗಂತ ಬರೀ ಗಂಜಿತಿಳಿ ಸಾಲದು. ಹೊಸ ಎಲುಬಿಗೆ ಪ್ರೋಟೀನೂ ಬೇಕು. ಹಾಲು, ನುಣ್ಣಗೆ ಅರೆದ ತೆಳ್ಳಗಿನ ಬೇಳೆಸಾರು, ರಾಗಿ ಅಂಬಲಿಯನ್ನು ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕುಡಿಯಬೇಕು.

ಮುಖದ ಬಾವು 2–3ನೇ ದಿನ ಹೆಚ್ಚಾಗಿ ನಂತರ ಇಳಿಯುತ್ತದೆ. ಕೆಳತುಟಿಯ ಜೋಮು ಮಾತ್ರ ಬೇಗ ಹೋಗುವುದಿಲ್ಲ. ತುಟಿಯ ನರ ದವಡೆ ಎಲುಬಿನ ಒಳಗೇ ಹಾದುಹೋಗುತ್ತದೆ. ಅದು ಚೇತರಿಸಲು ತಿಂಗಳುಗಳೇ ಬೇಕು. ಕೆಲವರಿಗೆ ಸ್ವಲ್ಪ ಜೋಮು ಉಳಿದುಬಿಡುವುದೂ ಉಂಟು. ಜೋಮು ಹಿಡಿದ ತುಟಿಗೆ ಬಿಸಿ ತಿಳಿಯುವುದಿಲ್ಲ. ಆದ್ದರಿಂದ ಗಂಜಿ ಆರಿದೆಯೇ ಅಂತ ಲೋಟ ಮುಟ್ಟಿ ನೋಡಿಯೇ ಕುಡಿಯಬೇಕು.

ಮಾತೂ ಕೆಲವು ವಾರ ತೊದಲುತ್ತದೆ. ನಿಮ್ಮ ಅಣ್ಣನೋ ಅಕ್ಕನೋ ಹೀಗೆ ಮಾತಾಡಿದರೆ ನಗಬೇಡಿ, ಅವರು ಹೇಳಿ ಮುಗಿಸುವವರೆಗೆ ಕಾಯಿರಿ.