ಮಗುವಿನ ಕೈಗೆ ಯಾವ ಪ್ರಾಣಿ ಕೊಡಬೇಕು?



ಸಂತೆಗೆ ಮಗನನ್ನೋ ಮಗಳನ್ನೋ ಜೊತೆಗೆ ಕರೆದುಕೊಂಡು ಹೋದವರಿಗೆಲ್ಲ ಈ ಕಷ್ಟ ಗೊತ್ತು. ಕೋಳಿ ಮಾರುವವರ ಮಂಕರಿಯ ಮುಂದೆ ಮಗು ನಿಂತುಬಿಡುತ್ತದೆ. ಮೇಕೆಮರಿ ಕಂಡರೆ ಅದರ ಕುತ್ತಿಗೆ ತಬ್ಬಿಕೊಂಡು ಬಿಡುವುದೇ ಇಲ್ಲ. "ಅಪ್ಪಾ, ಇದು ನನಗೆ ಬೇಕು" ಎಂದು ಹಟ ಹಿಡಿಯುತ್ತದೆ. ಆಗ ನಾವು ಗದರಿಸಿ ಎಳೆದುಕೊಂಡು ಬರುತ್ತೇವೆ, ಇಲ್ಲವೇ ಹಿಂದುಮುಂದು ನೋಡದೆ ಕೊಂಡುಕೊಟ್ಟು ಅಳು ನಿಲ್ಲಿಸುತ್ತೇವೆ. ಎರಡೂ ಸರಿಯಲ್ಲ. ಎತ್ತು ಕೊಳ್ಳುವಾಗ ಹಲ್ಲು ನೋಡಿ, ಸುಳಿ ನೋಡಿ, ನಡಿಗೆ ನೋಡಿ ಕೊಳ್ಳುವವರು ನಾವು. ಮಗುವಿನ ಕೈಗೆ ಕೊಡುವ ಪ್ರಾಣಿಯ ವಿಷಯದಲ್ಲಿಯೂ ಅಷ್ಟೇ ಯೋಚನೆ ಇರಬೇಕು.

"ಕೊಟ್ಟಿಗೆ ತುಂಬ ದನಕರು ಇರುವಾಗ ಮಗುವಿಗೆಂದೇ ಬೇರೊಂದು ಪ್ರಾಣಿ ಏಕೆ?" ಎಂದು ಕೆಲವರು ಕೇಳಬಹುದು. ಕೊಟ್ಟಿಗೆಯ ದನಕ್ಕೆ ಮೇವು ಹಾಕುವ ಮಗು ದೊಡ್ಡವರು ಹೇಳಿದ ಕೆಲಸ ಮಾಡುತ್ತದೆ, ಅಷ್ಟೆ. ತನ್ನದೆಂಬ ಒಂದು ಜೀವವಿದ್ದರೆ ಅದು ತಾನಾಗಿಯೇ ಗಮನಿಸುವುದನ್ನು ಕಲಿಯುತ್ತದೆ. ಈ ಹೊತ್ತು ಮೇವು ಏಕೆ ಮುಟ್ಟಲಿಲ್ಲ, ಹಿಕ್ಕೆ ಏಕೆ ನೀರಾಗಿದೆ, ಕಿವಿ ಏಕೆ ಜೋತುಬಿದ್ದಿದೆ ಎಂದು ಕೇಳತೊಡಗುತ್ತದೆ. ನಾಳೆ ಒಳ್ಳೆಯ ರೈತನಾಗುವವನಿಗೆ ಇದೇ ಮೊದಲ ಪಾಠ.

ಮೊದಲು ಮೂರು ಪ್ರಶ್ನೆ

ಯಾವ ಪ್ರಾಣಿ ತರುವ ಮುಂಚೆಯೂ ಮನೆಯವರು ಕುಳಿತು ಮೂರು ಪ್ರಶ್ನೆ ಕೇಳಿಕೊಳ್ಳತಕ್ಕದ್ದು. ಮಗುವಿನ ವಯಸ್ಸೆಷ್ಟು? ಮಗು ಶಾಲೆಗೆ ಹೋದಾಗ, ಕಾಯಿಲೆ ಬಿದ್ದಾಗ ಆ ಪ್ರಾಣಿಯನ್ನು ನೋಡುವವರು ಯಾರು? ಒಂದೆರಡು ವರ್ಷ ಕಳೆದ ಮೇಲೆ ಆ ಪ್ರಾಣಿಯ ಗತಿ ಏನು? ಈ ಮೂರನೆಯ ಪ್ರಶ್ನೆಯನ್ನು ಬಹಳ ಮಂದಿ ಕೇಳಿಕೊಳ್ಳುವುದಿಲ್ಲ. ಅದರ ವಿಷಯ ಕೊನೆಯಲ್ಲಿ ಹೇಳುತ್ತೇನೆ.

ಕೋಳಿ

ಆರೇಳು ವರ್ಷದ ಮಗುವಿಗೆ ನಾಟಿ ಹೇಂಟೆಯೊಂದು ಎಲ್ಲಕ್ಕಿಂತ ಸುಲಭ. ಕಾಳು ಚೆಲ್ಲುವುದು, ನೀರು ಇಡುವುದು, ಸಂಜೆ ಗೂಡಿನ ಬಾಗಿಲು ಹಾಕುವುದು ಮಗುವಿನ ಕೈಯಲ್ಲಿ ಆಗುವ ಕೆಲಸ. ಹೇಂಟೆ ಕಾವಿಗೆ ಕುಳಿತರೆ ೨೧ ದಿನಕ್ಕೆ ಮರಿ ಬರುತ್ತದೆ. ಗೋಡೆಯ ಮೇಲೆ ಇದ್ದಿಲಿನಲ್ಲಿ ದಿನಕ್ಕೊಂದು ಗೆರೆ ಎಳೆಯಲು ಹೇಳಿರಿ, ಲೆಕ್ಕವೂ ಬರುತ್ತದೆ. ಮರಿಗಳಿಗೆ ಕೊಕ್ಕರೆ ರೋಗದ ಲಸಿಕೆ ತಪ್ಪದೆ ಹಾಕಿಸಿರಿ. ಕೋಳಿ ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯುವ ಅಭ್ಯಾಸವನ್ನು ಮೊದಲ ದಿನದಿಂದಲೇ ಮಾಡಿಸಿರಿ.

ಸಂತೆಯಲ್ಲಿ ಕೆಂಪು, ಹಸಿರು ಬಣ್ಣ ಹಾಕಿ ಮಾರುವ ಮರಿಗಳನ್ನು ಮಾತ್ರ ಕೊಳ್ಳಬೇಡಿರಿ. ಅವಕ್ಕೆ ತಾಯಿಯ ಕಾವಿಲ್ಲ. ರಾತ್ರಿಯ ಚಳಿಗೆ ಸಾಯುವುದೇ ಹೆಚ್ಚು. ಬೆಳಗಾಗೆದ್ದು ಮಗು ನೋಡುವುದು ಸತ್ತ ಮರಿಯನ್ನು.

ಮೇಕೆಮರಿ

ಒಂಬತ್ತು ಹತ್ತು ವರ್ಷದ ಮಗುವಿಗೆ ಮೇಕೆಮರಿ ತಕ್ಕುದು. ಮೂರು ತಿಂಗಳು ತುಂಬಿ ತಾಯಿಯ ಹಾಲು ಬಿಟ್ಟ ಮರಿಯನ್ನೇ ತನ್ನಿರಿ. ಕಣ್ಣು ಹೊಳಪಾಗಿರಬೇಕು, ಮೂಗು ಸೋರಬಾರದು, ಹಿಂಭಾಗ ಒಣಗಿರಬೇಕು. ಜಂತಿಗೆ ಔಷಧಿ ಕುಡಿಸಿ, ಪಿ.ಪಿ.ಆರ್. ಮತ್ತು ಕರುಳುಬೇನೆಯ ಲಸಿಕೆಗಳನ್ನು ಪಶುವೈದ್ಯರು ಹೇಳಿದ ವೇಳೆಗೆ ಹಾಕಿಸಿರಿ.

ಸಾಧ್ಯವಾದರೆ ಹೆಣ್ಣು ಮರಿಯನ್ನೇ ಆರಿಸಿರಿ. ಹೆಣ್ಣು ಮನೆಯಲ್ಲೇ ಉಳಿಯುತ್ತದೆ, ಗಬ್ಬವಾದ ಐದು ತಿಂಗಳಿಗೆ ಈಯುತ್ತದೆ. ಆ ಮರಿ ಮಾರಿದ ಹಣ ಮಗುವಿನ ಹೆಸರಿನಲ್ಲಿ ಅಂಚೆ ಕಚೇರಿಯ ಉಳಿತಾಯ ಖಾತೆ ಸೇರಲಿ. ಈಯುವಾಗ, ಕಂದು ಹಾಕಿದಾಗ ಮಾಸನ್ನು ಮಕ್ಕಳು ಮುಟ್ಟಕೂಡದು. ಅದರಿಂದ ಮನುಷ್ಯರಿಗೂ ರೋಗ ಹತ್ತುತ್ತದೆ. ಹಾಲನ್ನು ಕಾಯಿಸಿಯೇ ಕುಡಿಯಬೇಕು.

ಮೊಲ, ಗಿಳಿ

ಸಾಕುವ ಬಿಳಿಮೊಲ ನೋಡಲು ಚೆಂದ. ಆದರೆ ಅದಕ್ಕೆ ಬಿಸಿಲ ಝಳ ತಡೆಯುವುದಿಲ್ಲ. ತಗಡಿನ ಮನೆಯಲ್ಲಿ ಬೇಸಿಗೆ ಕಳೆಯುವುದು ಕಷ್ಟ. ಗಂಡು ಹೆಣ್ಣು ಒಟ್ಟಿಗೆ ಬಿಟ್ಟರೆ ತಿಂಗಳಿಗೊಮ್ಮೆ ಮರಿ ಹಾಕುತ್ತದೆ, ಗೂಡು ಸಾಲದೆ ಬರುತ್ತದೆ.

ಗಿಳಿ, ನವಿಲಿನ ಮರಿ, ನಕ್ಷತ್ರ ಆಮೆ, ಕಾಡುಮೊಲ ಇವನ್ನು ಹಿಡಿದು ಸಾಕುವುದು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಹೊಲದಲ್ಲಿ ಸಿಕ್ಕಿತೆಂದು ಮನೆಗೆ ತರಬೇಡಿರಿ. ಹೊಂಗೆಮರದ ಮೇಲಿನ ಗಿಳಿಯನ್ನು ಮರದ ಮೇಲೆಯೇ ತೋರಿಸಿರಿ.

ನಾಯಿ

ಮಕ್ಕಳು ಹೆಚ್ಚಾಗಿ ಕೇಳುವುದು ನಾಯಿಮರಿಯನ್ನು. ನಮ್ಮ ಊರುನಾಯಿಯ ಮರಿಯೇ ಸಾಕು. ಅದು ನಮ್ಮ ಹವೆಗೆ ಒಗ್ಗಿದ್ದು, ಮನೆಯ ಊಟ ತಿಂದು ಬೆಳೆಯುತ್ತದೆ. ಮುಧೋಳದ ನಾಯಿ ಹೆಸರಾಂತ ತಳಿ ನಿಜ, ೨೦೦೫ರಲ್ಲಿ ಅದರ ಅಂಚೆಚೀಟಿಯೂ ಬಂದಿತ್ತು. ಆದರೆ ಅದು ಬೇಟೆಯ ನಾಯಿ, ದಿನವೂ ಓಡಬೇಕು. ಸರಪಳಿ ಹಾಕಿ ಕಂಬಕ್ಕೆ ಕಟ್ಟಿದರೆ ಕೆಡುತ್ತದೆ. ಯಾವ ಮರಿಯನ್ನೂ ಎಂಟು ವಾರ ತುಂಬುವ ಮೊದಲು ತಾಯಿಯಿಂದ ಅಗಲಿಸಬಾರದು. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ, ಬಳಿಕ ವೈದ್ಯರು ಹೇಳಿದಂತೆ ವರ್ಷ ವರ್ಷ ಹಾಕಿಸಿರಿ. ಬೆಕ್ಕಿಗೂ ಈ ಲಸಿಕೆ ಬೇಕು. ನಾಯಿ ಊಟ ಮಾಡುವಾಗ, ಮಲಗಿರುವಾಗ, ಮರಿಗಳ ಜೊತೆ ಇರುವಾಗ ಹತ್ತಿರ ಹೋಗಬಾರದೆಂದು ಮಗುವಿಗೆ ಕಲಿಸಿರಿ. ಚಿಕ್ಕ ಮಗುವನ್ನು ನಾಯಿಯೊಂದಿಗೆ ಒಂಟಿಯಾಗಿ ಬಿಡಬಾರದು.

ಈಗ ಎಲ್ಲಕ್ಕಿಂತ ಮುಖ್ಯ ಮಾತು. ನಾಯಿ ಕಚ್ಚಿದರೆ, ಪರಚಿದರೆ, ಗಾಯದ ಮೇಲೆ ನೆಕ್ಕಿದರೆ ಕೂಡಲೇ ಸೋಪು ಹಾಕಿ, ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಮೆಣಸಿನಪುಡಿ ಏನನ್ನೂ ಮೆತ್ತಬೇಡಿರಿ. ಅಂದೇ ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿರಿ. "ಹಾಲುಹಲ್ಲಿನ ಮರಿ, ಏನಾದೀತು" ಎನ್ನಬೇಡಿರಿ. ಮರಿಗೂ ಆ ರೋಗ ಬರುತ್ತದೆ. ರೋಗದ ಲಕ್ಷಣ ಕಂಡ ಮೇಲೆ ಮನುಷ್ಯ ಬದುಕುವುದಿಲ್ಲವೆಂದೇ ತಿಳಿಯಬೇಕು. ಮೊದಲೇ ಲಸಿಕೆ ಹಾಕಿಸಿದರೆ ಸಾವನ್ನು ತಡೆಯಬಹುದು. ೧೮೮೫ರಲ್ಲಿ ಫ್ರಾನ್ಸ್ ದೇಶದ ಲೂಯಿ ಪಾಶ್ಚರ್ ಮೊದಲು ಈ ಲಸಿಕೆಯಿಂದ ಉಳಿಸಿದ್ದೂ ನಾಯಿ ಕಚ್ಚಿದ ಒಂಬತ್ತು ವರ್ಷದ ಹುಡುಗನನ್ನೇ. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಚುಚ್ಚುವ ಕಾಲ ಈಗ ಇಲ್ಲ. ತೋಳಿಗೆ ಕೆಲವೇ ಸೂಜಿ. ಆದರೆ ಹೇಳಿದ ದಿನಗಳಲ್ಲಿ ಒಂದನ್ನೂ ತಪ್ಪಿಸಕೂಡದು.

ಮಗುವಿಗೆ ಸುಳ್ಳು ಹೇಳಬೇಡಿರಿ

ನನಗೆ ಒಂಬತ್ತು ವರ್ಷವಿದ್ದಾಗ ಒಂದು ಗಂಡು ಮೇಕೆಮರಿ ಸಾಕಿದ್ದೆ. ಅಗಸೆಸೊಪ್ಪು ಕೊಯ್ದು ತಂದು ಹಾಕುತ್ತಿದ್ದೆ, ರಾತ್ರಿ ಅದರ ಪಕ್ಕದಲ್ಲೇ ಮಲಗುತ್ತಿದ್ದೆ. ಒಂದು ದಿನ ಶಾಲೆಯಿಂದ ಬಂದಾಗ ಗೂಟದಲ್ಲಿ ಹಗ್ಗ ಮಾತ್ರ ಇತ್ತು. "ತಪ್ಪಿಸಿಕೊಂಡು ಹೋಯಿತು ಕಣೋ" ಎಂದರು ಅಪ್ಪ. ಮೂರು ಸಂಜೆ ಕೆರೆಯ ಏರಿಯುದ್ದಕ್ಕೂ ಕೂಗುತ್ತ ಹುಡುಕಿದೆ. ನಾಲ್ಕನೆಯ ದಿನ ಜೊತೆಯ ಹುಡುಗನೊಬ್ಬ ನಿಜ ಹೇಳಿದ: ಅಪ್ಪ ಅದನ್ನು ಸಂತೆಯಲ್ಲಿ ಮಾರಿದ್ದರು. ಆ ವರ್ಷ ಮಳೆ ಇರಲಿಲ್ಲ, ಮನೆಯಲ್ಲಿ ಹಣವಿರಲಿಲ್ಲ. ಮಾರಿದ್ದು ತಪ್ಪಲ್ಲವೆಂದು ಇಂದು ನನಗೆ ಅರ್ಥವಾಗುತ್ತದೆ. ಹೇಳಿದ್ದರೆ ಅಂದೂ ಅಳುತ್ತಿದ್ದೆ, ಆದರೆ ಹುಡುಕುತ್ತಿರಲಿಲ್ಲ.

ಮಾರುನೆಯ ವರ್ಷ ಪಕ್ಕದ ಮನೆಯ ನಾಯಿಮರಿ ನನ್ನ ಕೈ ಕಚ್ಚಿತು. ನಾನು ಮನೆಯಲ್ಲಿ ಹೇಳಲಿಲ್ಲ. ಹೇಳಿದರೆ ಆ ಮರಿಯನ್ನೂ ಇಲ್ಲದಂತೆ ಮಾಡುತ್ತಾರೆಂಬ ಭಯ. ಅಂಗಿಯ ತೋಳಿನಲ್ಲಿ ಗಾಯ ಮುಚ್ಚಿಕೊಂಡು ತಿರುಗಿದೆ. ಮೂರು ದಿನದ ಮೇಲೆ ನೀರು ಹುಯ್ಯುವಾಗ ಅಮ್ಮ ಕಂಡರು, ಆಸ್ಪತ್ರೆಗೆ ಎಳೆದುಕೊಂಡು ಹೋದರು. ಅಮ್ಮನ ಕಣ್ಣಿಗೆ ಬೀಳದೆ ಹೋಗಿದ್ದರೆ ಏನಾಗುತ್ತಿತ್ತೋ ನೆನೆಸಿಕೊಂಡರೆ ಈಗಲೂ ಮೈ ನಡುಗುತ್ತದೆ.

ಆದುದರಿಂದ ಬಾಂಧವರೇ, ಮುಂದೆ ಮಾರುವ ಮರಿಯಾದರೆ ತರುವ ದಿನವೇ ಮಗುವಿಗೆ ಹೇಳಿರಿ: "ಇದನ್ನು ಸಾಕೋಣ, ದೊಡ್ಡದಾದ ಮೇಲೆ ಮಾರೋಣ." ರೈತನ ಮಗು ಇದನ್ನು ತಿಳಿದುಕೊಳ್ಳಬಲ್ಲದು. ಮಾರುವ ದಿನ ಜೊತೆಗೆ ಕರೆದುಕೊಂಡು ಹೋಗಿರಿ, ಹಣದಲ್ಲಿ ಅದಕ್ಕೂ ಪಾಲು ಕೊಡಿರಿ. ಮಾರುವುದಿಲ್ಲವೆಂದು ಮಾತು ಕೊಟ್ಟಿದ್ದರೆ ಆ ಮಾತು ನಡೆಸಿರಿ. ಹಾಗೆಯೇ, "ನಾಯಿ ಕಚ್ಚಿದರೆ ನಿನ್ನನ್ನು ಹೊಡೆಯುವುದಿಲ್ಲ, ನಾಯಿಯನ್ನೂ ಕೊಲ್ಲುವುದಿಲ್ಲ, ತಕ್ಷಣ ಬಂದು ಹೇಳು" ಎಂದು ಇಂದೇ ತಿಳಿಸಿರಿ. ನಾವು ನಿಜ ಹೇಳುವ ಮನೆಯಲ್ಲಿ ಮಗುವೂ ನಿಜ ಹೇಳುತ್ತದೆ.

ಪ್ರಾಣಿ ಆರಿಸುವುದರಲ್ಲಿ ಸಂದೇಹವಿದ್ದರೆ ಹತ್ತಿರದ ಪಶು ಚಿಕಿತ್ಸಾಲಯದಲ್ಲಿ ವಿಚಾರಿಸಿರಿ, ಇಲ್ಲವೇ ನಾನು ನಿಮ್ಮ ಊರಿಗೆ ಬಂದ ದಿನ ಕೇಳಿರಿ. ಬರುವಾಗ ಮಗುವನ್ನೂ ಕರೆತನ್ನಿರಿ. ಸಾಕುವುದು ಅದು ತಾನೇ?