ಮೊದಲ ನಿಮಿಷದ ವಿದ್ಯೆ

ಮಕ್ಕಳ ತುರ್ತು ಚಿಕಿತ್ಸೆ ಎಂದೊಡನೆ ನಮಗೆ ನೆನಪಾಗುವುದು ಸೈರನ್ ಹಾಕಿಕೊಂಡು ಓಡುವ 108. ಕೃಷ್ಣೆಯ ದಂಡೆಯ ಗಲಗಲಿಯಿಂದ ಬಾಗಲಕೋಟೆಯ ದೊಡ್ಡ ದವಾಖಾನೆ ಮುಟ್ಟಬೇಕಾದರೆ ದಾರಿಯಲ್ಲೇ ತಾಸು ಸರಿಯುತ್ತದೆ. ಹುಟ್ಟಿದ ಕೂಸು ಅಳಲಿಲ್ಲ, ಉಸಿರೂ ಎಳೆಯಲಿಲ್ಲ ಎಂದಾದರೆ ಅಷ್ಟು ಹೊತ್ತು ಯಾರಿಗಿದೆ? ಒಂದು ನಿಮಿಷದೊಳಗೆ ಆಗಬೇಕಾದ ಕೆಲಸವದು. ಮಾಡಬೇಕಾದವರು ಹೆರಿಗೆ ಮಾಡಿಸುತ್ತಿರುವ ಸಿಸ್ಟರ್.

ಹುಟ್ಟುವ ಹತ್ತು ಕೂಸುಗಳಲ್ಲಿ ಸುಮಾರು ಒಂದಕ್ಕೆ ಮೊದಲ ಉಸಿರಿಗೆ ನೆರವು ಬೇಕಾಗುತ್ತದೆ. ಒಣ ಬಟ್ಟೆಯಿಂದ ಒರೆಸಿ, ಬೆಚ್ಚಗೆ ಸುತ್ತಿ, ಬೆನ್ನು ಉಜ್ಜಿದರೆ ಹೆಚ್ಚಿನವು ಅಳುತ್ತವೆ. ಕಾಲು ಹಿಡಿದು ತಲೆಕೆಳಗು ಮಾಡಿ ಬಡಿಯುವುದು, ಮುಖಕ್ಕೆ ತಣ್ಣೀರು ಎರಚುವುದು ಹಳೆಯ ರೂಢಿ. ಅದರಿಂದ ಕೇಡೇ ಹೆಚ್ಚು. ಉಜ್ಜಿದರೂ ಉಸಿರಾಡದಿದ್ದರೆ ಗಾಳಿ ಊದುವ ಬ್ಯಾಗ್ ಮತ್ತು ಮಾಸ್ಕ್. ಮಾಸ್ಕ್ ಮೂಗು, ಬಾಯಿ, ಗದ್ದದ ತುದಿಯನ್ನು ಮುಚ್ಚಬೇಕು, ಕಣ್ಣಿನ ಮೇಲೆ ಏರಬಾರದು. ತಲೆ ತುಸುವೇ ಹಿಂದಕ್ಕೆ ಬಾಗಿರಬೇಕು. ಹೆಚ್ಚು ಬಾಗಿಸಿದರೂ ಮುಂದಕ್ಕೆ ಮಡಚಿದರೂ ಉಸಿರಿನ ದಾರಿ ಕಟ್ಟುತ್ತದೆ. ನಿಮಿಷಕ್ಕೆ ಸುಮಾರು 40 ಸಲ ಬ್ಯಾಗ್ ಒತ್ತಬೇಕು, ಕಣ್ಣು ಕೂಸಿನ ಎದೆಯ ಮೇಲಿರಬೇಕು. ಎದೆ ಏಳದಿದ್ದರೆ ಗಾಳಿ ಒಳಗೆ ಹೋಗುತ್ತಿಲ್ಲ ಎಂದರ್ಥ. ಓದಲು ಸುಲಭ, ಕೈಗೆ ಹತ್ತುವುದು ಕಷ್ಟ.

ಇದನ್ನು ಕೈಗೆ ಹತ್ತಿಸುವ ಪ್ರಯತ್ನ ನಮ್ಮ ಪಕ್ಕದಲ್ಲೇ ನಡೆದಿದೆ. 2010ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ‘ಹೆಲ್ಪಿಂಗ್ ಬೇಬೀಸ್ ಬ್ರೀದ್’ ಎಂಬ ತರಬೇತಿ ರೂಪಿಸಿತು. ಅದನ್ನು ಒರೆಗೆ ಹಚ್ಚಿದ ಮೊದಮೊದಲ ಊರುಗಳಲ್ಲಿ ಬೆಳಗಾವಿಯೂ ಒಂದು. ಮುಂದೆ ನಿಂತವರು ಅಲ್ಲಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು. ಕಲಿಕೆಗೆ ಒಂದು ಗೊಂಬೆ. ಒಳಗೆ ನೀರು ತುಂಬಿದರೆ ಕೈಯಲ್ಲಿ ನಿಜವಾದ ಕೂಸಿನ ಭಾರ. ಕಲಿಸುವವರು ರಬ್ಬರ್ ಬಲ್ಬ್ ಒತ್ತಿದರೆ ಹೊಕ್ಕುಳಬಳ್ಳಿ ಮಿಡಿಯುತ್ತದೆ, ಕೈಬಿಟ್ಟರೆ ನಿಲ್ಲುತ್ತದೆ. ಇಬ್ಬಿಬ್ಬರಾಗಿ ಕೂತು, ಒಬ್ಬರು ಕೂಸಾಗಿ ಇನ್ನೊಬ್ಬರು ಸಿಸ್ಟರ್ ಆಗಿ ಆಡುವ ಆಟ ಇದು.

599 ಜನರಿಗೆ ತರಬೇತಿ ಕೊಟ್ಟು, ಹಿಂದಿನ 4,187 ಹೆರಿಗೆಗಳನ್ನು ಮುಂದಿನ 5,411ರ ಜತೆ ಹೋಲಿಸಿದರು. ಸತ್ತು ಹುಟ್ಟಿದ ಕೂಸುಗಳ ಪ್ರಮಾಣ ಶೇ 3.0ರಿಂದ 2.3ಕ್ಕೆ ಇಳಿದಿತ್ತು. ಹೆರಿಗೆಯ ಹೊತ್ತಿಗೆ ಸತ್ತವು ಎಂದು ಬರೆಯಲಾಗುವ ಕೂಸುಗಳದ್ದು 1.7ರಿಂದ 0.9ಕ್ಕೆ. ತರಬೇತಿ ಸಿಕ್ಕಿದ್ದು ಹುಟ್ಟಿದ ನಂತರದ ಆರೈಕೆಗೆ, ಕಡಿಮೆಯಾದದ್ದು ಹುಟ್ಟುವ ಮುಂಚಿನ ಸಾವು! ಈ ಒಗಟಿಗೆ ನನಗೆ ಒಪ್ಪುವ ಉತ್ತರ ಒಂದೇ: ‘ಸತ್ತು ಹುಟ್ಟಿತು’ ಎಂದು ಬಟ್ಟೆ ಸುತ್ತಿ ಬದಿಗಿಟ್ಟ ಕೆಲವು ಕೂಸುಗಳ ಎದೆ ಇನ್ನೂ ಬಡಿಯುತ್ತಿತ್ತು. ನಮ್ಮ ಎಷ್ಟೋ ಮನೆಗಳಲ್ಲಿ ದೈವದ ಪಾಲಿಗೆ ಬಿಟ್ಟ ಲೆಕ್ಕ ಇದು.

ಆದರೆ ಬೆಳಗಾವಿ, ನಾಗಪುರ, ಕೆನ್ಯಾ ಮೂರೂ ಕಡೆ ಈ ತರಬೇತಿಯನ್ನೇ ದೊಡ್ಡದಾಗಿ ಹರಡಿದಾಗ ಎಲ್ಲೆಡೆ ಒಂದೇ ತೆರನಾದ ಇಳಿಕೆ ಕಾಣಲಿಲ್ಲ. 2016ರಲ್ಲಿ ಆ ಫಲಿತಾಂಶ ಪ್ರಕಟವಾಯಿತು. ನನಗಿದು ಸೋಲೆನಿಸುವುದಿಲ್ಲ. ಕಲಿತ ಕೈ ತಿಂಗಳೊಪ್ಪತ್ತಿನಲ್ಲಿ ಮರೆಯುತ್ತದೆ. ಸಣ್ಣ ಆಸ್ಪತ್ರೆಯಲ್ಲಿ ಉಸಿರಾಡದ ಕೂಸು ಬರುವುದೇ ಅಪರೂಪ. ಬಂದಾಗ ಪ್ರಮಾಣಪತ್ರ ಗೋಡೆಯ ಮೇಲಿರುತ್ತದೆ, ಬ್ಯಾಗ್ ಬೀಗ ಹಾಕಿದ ಕಪಾಟಿನಲ್ಲಿರುತ್ತದೆ.

ಅದೇ ವರ್ಷ ಬಂದ ತರಬೇತಿಯ ಎರಡನೆಯ ಆವೃತ್ತಿ ಇದನ್ನು ಗಮನಿಸಿದೆ. ಗೊಂಬೆ ಹೆರಿಗೆ ಕೋಣೆಯಲ್ಲೇ ಇರಲಿ, ಪಾಳಿ ಬದಲಾಗುವ ಹೊತ್ತಿಗೆ ಒಂದಿಷ್ಟು ಕೈಯಾಡಿಸಿ. ಪ್ರತಿ ಹೆರಿಗೆಗೂ ಮುಂಚೆ ಬ್ಯಾಗ್ ಒತ್ತಿ ಪರೀಕ್ಷಿಸಿ. ಮುಗಿದ ಮೇಲೆ ಎಲ್ಲಿ ತಡವಾಯಿತೆಂದು ಕೂತು ಮಾತಾಡಿ. ದುಡ್ಡಿನ ಖರ್ಚಿಲ್ಲದ ಕೆಲಸಗಳೇ. ಮಗಳನ್ನು ಹೆರಿಗೆಗೆ ತವರಿಗೆ ಕರೆತಂದವರೂ ಬಿಸಿನೀರು, ಹಳೆ ಸೀರೆ ಹೊಂದಿಸುವಾಗ ಸಿಸ್ಟರ್ ಅವರನ್ನು ಒಂದು ಮಾತು ಕೇಳಬಹುದು: ‘ಅಕ್ಕಾರ, ಕೂಸಿನ ಬ್ಯಾಗ್ ಎಲ್ಲೈತ್ರಿ?’